ಮನೆಯಲ್ಲಿ ಮುಂಚೆ, ಪಥಕದಲ್ಲಿ ತಡ: ನನ್ನ ಲಯ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಕೆಲಸಕ್ಕೆ ಅಂತ ಪುಣೆಗೆ ಬಂದು ಆರು ವರ್ಷ ಆಯಿತು. ಈ ಸಲ ಗಣಪತಿ ಹಬ್ಬಕ್ಕೆ ಒಂದು ಢೋಲ್-ತಾಷಾ ಪಥಕ (ಮೆರವಣಿಗೆಯಲ್ಲಿ ದೊಡ್ಡ ಢೋಲು, ಚಿಕ್ಕ ತಾಷಾ ಬಾರಿಸುವ ತಂಡ) ಸೇರಿದ್ದೇನೆ. ಮುಠಾ ನದಿ ದಂಡೆಯಲ್ಲಿ ದಿನಾ ಸಂಜೆ ಸರಾವ್, ಅಂದರೆ ಅಭ್ಯಾಸ, ಇರುತ್ತದೆ. ಹೊಸಬಳು ಅಂತ ನನಗೆ ಕೊನೆಯ ಸಾಲು. ತಾಷಾ ಕೇಳಿಸಿದ ತಕ್ಷಣ ಹೊಡೆಯುತ್ತೇನೆ. ಆದರೂ ಮುಂದೆ ನಿಂತ ದಾದಾ (ಪಥಕ ನಡೆಸುವ ಹಿರಿಯರು) ‘ಮಾಗೆ ಪಡತೇಯಸ್’ ಅಂತ ಕೂಗುತ್ತಾರೆ, ಹಿಂದೆ ಬೀಳುತ್ತಿದ್ದೀಯ ಅಂತ. ಮನೆಗೆ ಬಂದು ಒಂದು ಫೋನಿನ ಸ್ಪೀಕರಿನಲ್ಲಿ ಮೆಟ್ರೊನೋಮ್ (ಒಂದೇ ವೇಗದಲ್ಲಿ ಕ್ಲಿಕ್ ಮಾಡುವ ಆ್ಯಪ್) ಹಾಕಿ, ಮೇಜಿನ ಮೇಲೆ ಬಾರಿಸಿ, ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅಲ್ಲಿ ಉಲ್ಟಾ! ಹೆಚ್ಚುಕಡಿಮೆ ಎಲ್ಲ ಪೆಟ್ಟೂ ಕ್ಲಿಕ್ಕಿಗಿಂತ 30ರಿಂದ 50 ಮಿಲಿಸೆಕೆಂಡ್ ಮುಂಚೆ. ಹಾಡು ಕೇಳುವಾಗ ಕಾಲೇನೋ ತಾನಾಗಿಯೇ ಕುಟ್ಟುತ್ತದೆ. ನನಗೆ ಲಯ ಇದೆಯೋ ಇಲ್ಲವೋ? ಢೋಲ್ ಬಿಟ್ಟು ಧ್ವಜ ಹಿಡಿಯಲಾ?

ಉತ್ತರ: ಢೋಲ್ ಬಿಡಬೇಡಿ. ನೀವು ಹೇಳಿದ ಎರಡು ದೋಷಗಳಲ್ಲಿ ಮನೆಯದು ದೋಷವೇ ಅಲ್ಲ. ಪಥಕದ್ದರಲ್ಲಿ ಅರ್ಧ ಪಾಲು ಗಾಳಿಯದು, ಉಳಿದ ಅರ್ಧವನ್ನು ಮೂರ್ನಾಲ್ಕು ವಾರದಲ್ಲಿ ಸರಿ ಮಾಡಬಹುದು.

ನಾನು ಫಿಸಿಯೋಥೆರಪಿಸ್ಟ್. ಪುಣೆಯಲ್ಲೇ ಇಪ್ಪತ್ತು ವರ್ಷದಿಂದ ನಡಿಗೆ ತಪ್ಪಿದವರಿಗೆ ನಡಿಗೆ ಕಲಿಸುತ್ತಿದ್ದೇನೆ. ಆ ಕೆಲಸದಲ್ಲಿ ತಾಳವೇ ನನ್ನ ಮುಖ್ಯ ಸಾಧನ. ಹಾಗಾಗಿ ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಖುಷಿಯಾಯಿತು. ಅಳತೆ ಮಾಡಿ ಪ್ರಶ್ನೆ ಕೇಳುವವರು ಕಡಿಮೆ.

ಮೊದಲು ಮನೆಯ ಮಾತು. ಒಂದು ಸದ್ದು ಕೇಳಿಸಿದ ಮೇಲೆ ಬೆರಳು ಒತ್ತಿ ಅಂದರೆ, ಆರೋಗ್ಯವಂತರಿಗೆ ಸುಮಾರು 150 ಮಿಲಿಸೆಕೆಂಡ್ ಬೇಕು. ದೀಪ ಹೊತ್ತಿದ್ದನ್ನು ನೋಡಿ ಒತ್ತಲು ಇನ್ನೂ ಜಾಸ್ತಿ, 200ರ ಆಸುಪಾಸು. ನೀವು ಪ್ರತಿ ಕ್ಲಿಕ್ ಕೇಳಿಸಿಕೊಂಡು ಆಮೇಲೆ ಹೊಡೆದಿದ್ದರೆ ರೆಕಾರ್ಡಿಂಗಿನಲ್ಲಿ ಎಲ್ಲ ಪೆಟ್ಟೂ 150 ಮಿಲಿಸೆಕೆಂಡ್ ತಡವಾಗಿ ಬೀಳಬೇಕಿತ್ತು. ಬೀಳಲಿಲ್ಲ. ಮುಂಚೆಯೇ ಬಿದ್ದವು. ಅಂದರೆ ಕ್ಲಿಕ್ ಬರುವ ಮೊದಲೇ ನಿಮ್ಮ ಮಿದುಳು ಅದು ಬರುವ ಹೊತ್ತನ್ನು ಲೆಕ್ಕ ಹಾಕಿ ಕೈಗೆ ಹೇಳಿಯಾಗಿತ್ತು. ಚಿಕ್ಕವರಿದ್ದಾಗ ಇಬ್ಬರು ಹಗ್ಗ ಬೀಸುತ್ತಿದ್ದರೆ ನಾವು ಒಳಗೆ ನುಗ್ಗುತ್ತಿದ್ದೆವಲ್ಲ, ನೆನಪಿದೆಯಾ? ಹಗ್ಗ ನೆಲ ಮುಟ್ಟಿದ್ದನ್ನು ನೋಡಿ ಓಡಿದರೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಅದು ಮುಂದಿನ ಸಲ ಯಾವಾಗ ಮುಟ್ಟುತ್ತದೆ ಅಂತ ಮೈಗೆ ಗೊತ್ತಿರಬೇಕು. ತಾಳಕ್ಕೆ ಹೊಡೆಯುವುದೂ ಇದೇ.

ಚೂರು ಮುಂಚೆ ಬೀಳುವುದು ನಿಮಗೊಬ್ಬರಿಗೇ ಅಲ್ಲ. ಸಂಗೀತ ಕಲಿಯದವರನ್ನು ಕೂರಿಸಿ ಕ್ಲಿಕ್ಕಿಗೆ ಬೆರಳು ಕುಟ್ಟಿಸಿದರೆ ಬಹಳಷ್ಟು ಜನ 20ರಿಂದ 80 ಮಿಲಿಸೆಕೆಂಡ್ ಮುಂಚೆ ಕುಟ್ಟುತ್ತಾರೆ. ‘ಸರಿಯಾಗಿ ಕ್ಲಿಕ್ಕಿನ ಮೇಲೇ ಹೊಡೆದೆ’ ಅಂತಲೇ ಅವರಿಗೆ ಅನಿಸಿರುತ್ತದೆ. ವರ್ಷಗಟ್ಟಲೆ ಅಭ್ಯಾಸ ಮಾಡಿದ ವಾದಕರಲ್ಲಿ ಈ ಅಂತರ ತೀರಾ ಚಿಕ್ಕದಾಗುತ್ತದೆ. ವಿಜ್ಞಾನಿಗಳಿಗೆ ಇದು ನೂರು ವರ್ಷಕ್ಕೂ ಹಿಂದಿನಿಂದ ಗೊತ್ತು.

ಯಾಕೆ ಹೀಗೆ? ಫ್ರಾನ್ಸಿನ ಪಾಲ್ ಫ್ರೆಸ್ ಮತ್ತು ಜಾಕ್ ಪೈಯಾರ್ ಕೊಟ್ಟ ವಿವರಣೆ ನನಗೆ ಬಹಳ ಇಷ್ಟ. ಕಿವಿಯಿಂದ ಮಿದುಳಿಗೆ ದಾರಿ ಹತ್ತಿರ. ಬೆರಳಿನ ತುದಿಯಿಂದ ದೂರ. ಎರಡೂ ಸುದ್ದಿ ಮಿದುಳಿಗೆ ಒಟ್ಟಿಗೆ ಮುಟ್ಟಬೇಕಾದರೆ ಬೆರಳು ಮೊದಲೇ ಹೊರಡಬೇಕು. ಪಾದದ ದಾರಿ ಇನ್ನೂ ಉದ್ದ. ಹಾಗಾಗಿ ಕಾಲಿನಿಂದ ಕುಟ್ಟಿದರೆ ಜನ ಇನ್ನೂ ಮುಂಚೆ ಕುಟ್ಟುತ್ತಾರೆ. ಪ್ರಯೋಗಗಳಲ್ಲಿ ಹಾಗೆಯೇ ಕಂಡಿದೆ. ಬೇಕಾದರೆ ನಿಮ್ಮ ಫೋನಿನಲ್ಲೇ ನೋಡಿ. ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಎರಡು ಕ್ಲಿಕ್ಕುಗಳ ನಡುವೆ ಚಿಕ್ಕ ಸದ್ದುಗಳನ್ನು ತುಂಬಿದರೆ ಈ ಅಂತರ ಕಮ್ಮಿಯಾಗುತ್ತದೆ. ನರದ ಉದ್ದವೇನೂ ಬದಲಾಗಿರುವುದಿಲ್ಲ, ಅಲ್ವಾ? ಅಂದರೆ ಖಾಲಿ ಜಾಗವನ್ನು ನಾವು ಹೇಗೆ ಅಳೆಯುತ್ತೇವೆ ಅನ್ನುವುದೂ ಇದರಲ್ಲಿ ಸೇರಿದೆ. ಈ ಮಾತು ನೆನಪಿರಲಿ, ಅಭ್ಯಾಸದಲ್ಲಿ ಕೆಲಸಕ್ಕೆ ಬರುತ್ತದೆ.

ಮೆಕ್ಸಿಕೋದಲ್ಲಿ ಕೋತಿಗಳಿಗೆ ಮೆಟ್ರೊನೋಮಿಗೆ ತಕ್ಕಂತೆ ಒತ್ತುವುದನ್ನು ಕಲಿಸಿದ್ದರು. 2009ರಲ್ಲಿ ಅದರ ಫಲಿತಾಂಶ ಬಂತು. ಅಷ್ಟು ತರಬೇತಿ ಕೊಟ್ಟರೂ ಅವು ಒತ್ತಿದ್ದು ಸದ್ದಾದ ಮೇಲೆಯೇ. ನೀವು ಕಲಿಯದೆಯೇ ಮುಂಚೆ ಹೊಡೆದಿರಿ. ಆ 40 ಮಿಲಿಸೆಕೆಂಡ್ ನಿಮ್ಮಲ್ಲಿ ಲಯ ಇದೆ ಅನ್ನುವುದಕ್ಕೆ ಸಾಕ್ಷಿ.

ಈಗ ನದಿ ದಂಡೆಗೆ ಹೋಗೋಣ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದ ಮಾತು ‘ತಾಷಾ ಕೇಳಿಸಿದ ತಕ್ಷಣ’. ಇನ್ನೊಂದು ‘ಕೊನೆಯ ಸಾಲು’. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಮೀಟರಿಗೆ 3 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ತಾಷಾ ಸಾಲಿನಿಂದ ನೀವು 20 ಮೀಟರ್ ಹಿಂದೆ ಇದ್ದೀರಿ ಅಂದುಕೊಳ್ಳೋಣ. ಮುಂದೆ ಬಿದ್ದ ತಾಷಾ ಪೆಟ್ಟು ನಿಮ್ಮ ಕಿವಿಗೆ ಮುಟ್ಟುವಾಗ 60 ಮಿಲಿಸೆಕೆಂಡ್ ಕಳೆದಿರುತ್ತದೆ. ನೀವು ಆ ಕೇಳಿದ ಪೆಟ್ಟಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಡೆದಿರಿ. ನಿಮ್ಮ ಢೋಲಿನ ಸದ್ದು ಮತ್ತೆ ಅಷ್ಟೇ ದೂರ ಮುಂದಕ್ಕೆ ಹೋಗಬೇಕು. ಇನ್ನೊಂದು 60. ತಾಷಾ ಪಕ್ಕದಲ್ಲೇ ನಿಂತ ದಾದಾ ಕಿವಿಗೆ ನೀವು 120 ಮಿಲಿಸೆಕೆಂಡ್ ತಡ. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಎರಡು ಪೆಟ್ಟಿನ ನಡುವಿನ ಹೊತ್ತು 500 ಮಿಲಿಸೆಕೆಂಡ್. ಅದರ ಕಾಲು ಭಾಗ 125. ಅಂದರೆ ‘ತಕದಿಮಿ’ ಅಂತ ಒಂದು ಪೆಟ್ಟನ್ನು ನಾಲ್ಕು ಪಾಲು ಮಾಡಿದರೆ, ‘ತ’ ಮೇಲೆ ಬೀಳಬೇಕಾದ ನಿಮ್ಮ ಪೆಟ್ಟು ಅವರಿಗೆ ‘ಕ’ ಮೇಲೆ ಕೇಳಿಸುತ್ತದೆ. ಅವರು ಕೂಗದೆ ಇರುತ್ತಾರಾ? ನಿಮ್ಮ ತಪ್ಪೂ ಇಲ್ಲ, ಅವರ ಕಿವಿಯದೂ ತಪ್ಪಿಲ್ಲ.

ಇನ್ನೂ ಒಂದು ಸೋಜಿಗ ಇದೆ. ನಿಮ್ಮ ಸಾಲಿನ ಪಕ್ಕದಲ್ಲೇ ಫುಟ್‌ಪಾತಿನ ಮೇಲೆ ನಿಂತು ನೋಡುವವರಿಗೆ, ನೀವು ಕಿವಿಗೆ ಬಿದ್ದ ತಾಷಾಕ್ಕೆ ಹೊಡೆದದ್ದೇ ಸರಿಯಾಗಿ ಕೇಳಿಸುತ್ತದೆ. ಅವರ ಕಿವಿಗೂ ತಾಷಾ 60 ಮಿಲಿಸೆಕೆಂಡ್ ತಡವಾಗಿಯೇ ಬಂದಿರುತ್ತದಲ್ಲ. ಉದ್ದದ ಪಥಕದಲ್ಲಿ ಎಲ್ಲರ ಕಿವಿಗೂ ಒಂದೇ ‘ಸಮ’ (ಎಲ್ಲರೂ ಒಟ್ಟಿಗೆ ಕೂಡುವ ಪೆಟ್ಟು) ಅನ್ನುವುದು ಸಾಧ್ಯವಿಲ್ಲ. ಪಥಕ ಎಲ್ಲಿಗೆ ಸಮ ಕೂಡಿಸಬೇಕು ಅನ್ನುವುದನ್ನು ಮುಂದಾಳು ತೀರ್ಮಾನಿಸಬೇಕು. ತಾಷಾದವರು ತುದಿಯಲ್ಲಿ ನಿಲ್ಲುವ ಬದಲು ನಡುವೆ ನಿಂತರೆ ಕೊನೆಯವರ ದೂರ ಅರ್ಧಕ್ಕೆ ಇಳಿಯುತ್ತದೆ. ಇದನ್ನು ನಿಮ್ಮ ದಾದಾಗೆ ಹೇಳಿ. ಲೆಕ್ಕ ಬೇಕಾದರೆ ಈ ಉತ್ತರವನ್ನೇ ತೋರಿಸಿ.

ವಿಸರ್ಜನೆಯ ದಿನ ಇದು ಜಾಸ್ತಿಯಾಗುತ್ತದೆ, ಅದಕ್ಕೂ ಸಿದ್ಧರಾಗಿರಿ. ನದಿ ದಂಡೆಯಲ್ಲಿ ಬಯಲು, ಸಾಲುಗಳು ಅಗಲವಾಗಿ ನಿಲ್ಲಬಹುದು. ಮೆರವಣಿಗೆ ಸಾಗುವ ಲಕ್ಷ್ಮೀ ರಸ್ತೆ ಇಕ್ಕಟ್ಟು. ಅದೇ ಜನ ಅಲ್ಲಿ ಉದ್ದಕ್ಕೆ ಹರಡಿಕೊಳ್ಳುತ್ತಾರೆ, ದೂರ ಬೆಳೆಯುತ್ತದೆ. ಎರಡೂ ಕಡೆಯ ಕಟ್ಟಡಗಳಿಗೆ ಬಡಿದು ಸದ್ದು ವಾಪಸ್ ಬರುತ್ತದೆ. ಯಾವುದು ಪೆಟ್ಟು, ಯಾವುದು ಅದರ ಮರುದನಿ ಅಂತ ಹೊಸಬರಿಗೆ ಗೊತ್ತಾಗುವುದೇ ಇಲ್ಲ.

ಹಾಗಾದರೆ ಮಾಡುವುದೇನು? ಕಣ್ಣು ಬಳಸಿ. ಬೆಳಕಿಗೆ 20 ಮೀಟರ್ ಲೆಕ್ಕಕ್ಕೇ ಇಲ್ಲ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಕಣ್ಣು ತಾಳ ಹಿಡಿಯುವುದರಲ್ಲಿ ಕಿವಿಗಿಂತ ಹಿಂದೆ. ಮಿನುಗುವ ದೀಪಕ್ಕೆ ಬೆರಳು ಕುಟ್ಟಲು ಹೇಳಿದರೆ, ಮಿನುಗುಗಳ ನಡುವೆ ಅರ್ಧ ಸೆಕೆಂಡಿಗಿಂತ ಕಮ್ಮಿ ಹೊತ್ತಾದರೆ ಸಂಗೀತಗಾರರೂ ತಡವರಿಸುತ್ತಾರೆ. ಅದೇ ದೀಪದ ಬದಲು ನೆಗೆದು ನೆಲಕ್ಕೆ ಬೀಳುವ ಚೆಂಡನ್ನು ತೋರಿಸಿದರೆ ಕಣ್ಣು ಹೆಚ್ಚುಕಡಿಮೆ ಕಿವಿಯಷ್ಟೇ ಚೆನ್ನಾಗಿ ತಾಳ ಹಿಡಿಯುತ್ತದೆ. ಚೆಂಡು ಇಳಿಯುವ ದಾರಿ ಕಾಣುತ್ತದೆ. ಅದು ಯಾವಾಗ ಮುಟ್ಟುತ್ತದೆ ಅಂತ ಮೊದಲೇ ಹೇಳಬಹುದು. ಹಾಗಾಗಿ ನೀವು ನೋಡಬೇಕಾದ್ದು ಮುಂದಿನವರ ಟಿಪರು (ಢೋಲಿನ ಕೋಲು) ಮೇಲಿನಿಂದ ಕೆಳಗೆ ಇಳಿಯುವ ದಾರಿಯನ್ನು. ಅದು ಚರ್ಮಕ್ಕೆ ತಾಗಿದ ಕ್ಷಣವನ್ನು ಕಾಯುತ್ತಾ ನಿಂತರೆ ಮತ್ತೆ ತಡವಾಗುತ್ತದೆ. ದೊಡ್ಡ ಬ್ಯಾಂಡುಗಳಲ್ಲಿ ಹಿಂದಿನ ಸಾಲಿನವರಿಗೆ ‘ಮುಂದಾಳಿನ ಕೈ ನೋಡು, ಮುಂದಿನವರ ಸದ್ದು ನಂಬಬೇಡ’ ಅಂತ ಕಲಿಸುವುದು ಇದಕ್ಕೇ. ಕೈ ನೋಡಿ ಹೊಡೆದರೆ ತಾಷಾ ಸದ್ದು ನಿಮ್ಮವರೆಗೆ ಬರುವ 60 ಮಿಲಿಸೆಕೆಂಡ್ ಉಳಿತಾಯವಾಯಿತು. ನಿಮ್ಮ ಸದ್ದು ದಾದಾವರೆಗೆ ಹೋಗುವ 60 ಇದ್ದೇ ಇರುತ್ತದೆ. 120 ಇದ್ದದ್ದು 60 ಆದರೆ ದಾದಾಗೆ ವ್ಯತ್ಯಾಸ ಖಂಡಿತ ಗೊತ್ತಾಗುತ್ತದೆ.

ಇನ್ನು ‘ಕೇಳಿಸಿದ ತಕ್ಷಣ’ ಅನ್ನುವ ಮಾತು. ಮನೆಯಲ್ಲಿ ನೀವು ಹಾಗೆ ಹೊಡೆದಿರಲಿಲ್ಲ. ಪಥಕದಲ್ಲಿ ಭಯ ಸೇರಿಕೊಂಡಿದೆ ಅಂತ ನನಗೆ ಅನಿಸುತ್ತದೆ. ತಪ್ಪಾಗಬಾರದು ಅಂತ ಪ್ರತಿ ಪೆಟ್ಟನ್ನೂ ಕೇಳಿ, ಖಚಿತ ಮಾಡಿಕೊಂಡು, ಆಮೇಲೆ ಹೊಡೆಯಲು ಹೋಗುತ್ತೀರಿ. ಆಗ ಗಾಳಿಯ 60ರ ಮೇಲೆ ನಿಮ್ಮ ಸ್ವಂತದ ತಡವೂ ಕೂಡಿಕೊಳ್ಳುತ್ತದೆ. ಢೋಲಿಗೆ ಕೈ ದೊಡ್ಡದಾಗಿ ಬೀಸಬೇಕು. ಮೇಜು ಕುಟ್ಟುವ ಬೆರಳಿಗಿಂತ ತುಂಬಾ ಮೊದಲೇ ತೋಳು ಹೊರಡಬೇಕು.

ದಾದಾ ಕೂಗಿದ ಕೂಡಲೇ ನೀವು ವೇಗ ಜಾಸ್ತಿ ಮಾಡುತ್ತೀರಿ, ಅಲ್ವಾ? ಬಹಳ ಜನ ಹಾಗೇ ಮಾಡುತ್ತಾರೆ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ತಾಳ ತಪ್ಪಿದಾಗ ಮಿದುಳು ಎರಡು ರೀತಿ ಸರಿಪಡಿಸಿಕೊಳ್ಳುತ್ತದೆ. ಒಂದು, ಮುಂದಿನ ಪೆಟ್ಟನ್ನು ಮಾತ್ರ ಚೂರು ಈಚೆಗೋ ಆಚೆಗೋ ಸರಿಸುವುದು. ವೇಗ ಮೊದಲಿನದೇ ಇರುತ್ತದೆ. ಇದು ತಾನಾಗಿ ನಡೆಯುತ್ತದೆ. ಅಮೆರಿಕದಲ್ಲಿ ಬ್ರೂನೋ ರೆಪ್ ಅನ್ನುವ ವಿಜ್ಞಾನಿ ಕ್ಲಿಕ್ಕುಗಳ ಸಾಲಿನಲ್ಲಿ ಕುಟ್ಟುವವರಿಗೆ ಗೊತ್ತೇ ಆಗದಷ್ಟು ಚಿಕ್ಕ ಏರುಪೇರು ಮಾಡಿ ನೋಡಿದರು. ಅವರ ಬೆರಳು ಮುಂದಿನ ಪೆಟ್ಟಿನಲ್ಲೇ ಅದನ್ನು ಸರಿ ಮಾಡಿಕೊಳ್ಳುತ್ತಿತ್ತು. ಮನಸ್ಸಿಗೆ ಗೊತ್ತಿಲ್ಲ, ಬೆರಳಿಗೆ ಗೊತ್ತು! ಎರಡನೆಯದು, ಒಳಗಿನ ಗಡಿಯಾರದ ವೇಗವನ್ನೇ ಬದಲಿಸುವುದು. ಇದಕ್ಕೆ ಗಮನ ಬೇಕು, ಇಚ್ಛೆ ಬೇಕು. ನೀವು ತಡವಾಗಿದ್ದೀರಿ, ಆದರೆ ನಿಮ್ಮ ವೇಗ ಸರಿಯಾಗಿಯೇ ಇದೆ. ಬೇಕಾದದ್ದು ಮೊದಲನೆಯ ಮದ್ದು. ಕೂಗು ಕೇಳಿ ನೀವು ಎರಡನೆಯದನ್ನು ಮಾಡುತ್ತೀರಿ. ನಾಲ್ಕು ಪೆಟ್ಟಿನಲ್ಲಿ ಮುಂದೆ ಹೋಗಿಬಿಡುತ್ತೀರಿ, ಗಾಬರಿಯಾಗಿ ನಿಧಾನ ಮಾಡುತ್ತೀರಿ, ಮತ್ತೆ ಹಿಂದೆ. ಬೈದರೂ ವೇಗ ಬದಲಿಸಬೇಡಿ. ಒಂದೇ ಒಂದು ಪೆಟ್ಟು ಬಿಟ್ಟು, ಮುಂದಿನವರ ಕೈ ನೋಡಿ ಮತ್ತೆ ಸೇರಿಕೊಳ್ಳಿ.

ಮನೆ ಅಭ್ಯಾಸಕ್ಕೆ ಬರುತ್ತೇನೆ. ನೀವು ಸ್ಪೀಕರ್ ಬಳಸಿದ್ದು ಒಳ್ಳೆಯದಾಯಿತು. ಬ್ಲೂಟೂತ್ ಇಯರ್‌ಫೋನಿನಲ್ಲಿ ಸದ್ದು 100ರಿಂದ 300 ಮಿಲಿಸೆಕೆಂಡ್ ತಡವಾಗಿ ಬರುವುದು ಮಾಮೂಲು. ‘ನಿಮ್ಮ ತಾಳಕ್ಕೆ ಇಷ್ಟು ಅಂಕ’ ಅಂತ ಹೇಳುವ ಆ್ಯಪುಗಳನ್ನು ಬ್ಲೂಟೂತಿನಲ್ಲಿ ಬಳಸಿ ಅಳುತ್ತಾ ಬಂದವರನ್ನು ನಾನು ನೋಡಿದ್ದೇನೆ. 2020ರಲ್ಲಿ ವೀಡಿಯೊ ಕಾಲಿನಲ್ಲಿ ಭಜನೆ ಮಾಡಲು ಹೋಗಿ ನಮ್ಮ ಹೆಂಗಸರೆಲ್ಲ ಒದ್ದಾಡಿದ್ದೂ ಇದೇ ತೊಂದರೆಯಿಂದ. ಪ್ರತಿಯೊಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತಾ ಕಾಯುತ್ತಾ ಭಜನೆ ಎಳೆದು ಎಳೆದು ನಿಂತೇಹೋಗುತ್ತಿತ್ತು.

ಮೆಟ್ರೊನೋಮನ್ನು ನಿಮಿಷಕ್ಕೆ 100ರಿಂದ 120ರ ನಡುವೆ ಇಟ್ಟರೆ ಎಲ್ಲರಿಗೂ ಸಲೀಸು. ಮೈಗೆ ಹಿತವಾದ ವೇಗ ಅದು. ನೀವು ಅದನ್ನು 40ಕ್ಕೆ ಇಳಿಸಿ. ಕಷ್ಟ ಆಗುತ್ತದೆ, ಆಗಲಿ. ಇನ್ನೂ ಇಳಿಸಿ ಎರಡು ಪೆಟ್ಟಿನ ನಡುವೆ ಎರಡು ಸೆಕೆಂಡ್ ಹತ್ತಿರ ಬಂದಾಗ ಮಿದುಳಿನ ಲೆಕ್ಕ ಕೈಕೊಡಲು ಶುರುವಾಗುತ್ತದೆ. ಆಗ ಗೊತ್ತಿಲ್ಲದೆಯೇ ನಾವು ಕೇಳಿ ಹೊಡೆಯುವವರಾಗುತ್ತೇವೆ. ಇದನ್ನು ನಮ್ಮ ಸಂಗೀತಗಾರರು ಯಾವತ್ತೋ ಕಂಡುಕೊಂಡಿದ್ದಾರೆ. ಗದಗಿನಿಂದ ಬಂದ ಭೀಮಸೇನ ಜೋಶಿಯವರು 1953ರಲ್ಲಿ ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಶುರು ಮಾಡಿದ ಉತ್ಸವ ಈ ಊರಿನಲ್ಲೇ ಪ್ರತಿ ಚಳಿಗಾಲ ನಡೆಯುತ್ತದೆ. ಈ ಸಲ ಹೋಗಿ. ವಿಲಂಬಿತ (ತೀರಾ ನಿಧಾನದ) ಏಕತಾಳದ ಖಯಾಲ್ ಹಾಡುವಾಗ ತಬಲಾದವರನ್ನೇ ಗಮನಿಸಿ. ಒಂದೊಂದು ಮಾತ್ರೆ (ತಾಳದ ಒಂದು ಎಣಿಕೆ) ಎರಡು ಸೆಕೆಂಡಿಗೂ ಉದ್ದ ಇರುತ್ತದೆ. ಅಷ್ಟು ದೊಡ್ಡ ಖಾಲಿಯನ್ನು ಯಾರೂ ಸುಮ್ನೆ ಕಾಯುವುದಿಲ್ಲ. ‘ಧಾಗೆ’, ‘ತಿರಕಿಟ’ ಅಂತ ಬೋಲುಗಳನ್ನು ತುಂಬುತ್ತಾ ಹೋಗುತ್ತಾರೆ. ಹಾಡುವವರು ಆ ತುಂಬಿದ್ದರ ಮೇಲೆ ಕಾಲಿಟ್ಟು ಸಮಕ್ಕೆ ಬರುತ್ತಾರೆ.

ನೀವೂ ಅದನ್ನೇ ಮಾಡಿ. 40ರ ಕ್ಲಿಕ್ಕಿಗೆ ಬಾಯಲ್ಲಿ ‘ತಕದಿಮಿ’ ಹೇಳುತ್ತಾ ‘ತ’ ಮೇಲೆ ಮಾತ್ರ ಹೊಡೆಯಿರಿ. ಮೊದಲು ಗಟ್ಟಿಯಾಗಿ, ಆಮೇಲೆ ತುಟಿಯಲ್ಲಿ, ಆಮೇಲೆ ಮನಸ್ಸಿನಲ್ಲಿ. ವಾರದ ನಂತರ ರೆಕಾರ್ಡ್ ಮಾಡಿ ಅಳೆಯಿರಿ. ಆ 40 ಮಿಲಿಸೆಕೆಂಡ್ ಇಳಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಪೆಟ್ಟಿನಿಂದ ಪೆಟ್ಟಿಗೆ ಇರುವ ಏರುಪೇರು ಕಮ್ಮಿಯಾಗಿರುತ್ತದೆ. ಎಲ್ಲ ಪೆಟ್ಟೂ ಒಂದೇ ಸಮನೆ 30 ಮುಂಚೆ ಬಿದ್ದರೆ ಯಾರಿಗೂ ತೊಂದರೆ ಇಲ್ಲ. ಒಂದು 10, ಒಂದು 70 ಅಂತಾದರೆ ಮಾತ್ರ ಕೇಳುವವರಿಗೆ ಚದುರಿದ ಹಾಗೆ ಅನಿಸುತ್ತದೆ. ನಿಮ್ಮ 30ರಿಂದ 50 ಅನ್ನುವ ಅಳತೆ ಹೊಸಬರಿಗೆ ಬಹಳ ಚೆನ್ನಾಗಿದೆ. ಆಮೇಲೆ ಇನ್ನೊಂದು ಪಾಠ: ಎಂಟು ಪೆಟ್ಟು ಕ್ಲಿಕ್ ಇರಲಿ, ಎಂಟು ಪೆಟ್ಟು ಸದ್ದು ಇಳಿಸಿ, ನೀವು ನಿಲ್ಲಿಸಬೇಡಿ. ಕ್ಲಿಕ್ ವಾಪಸ್ ಬಂದಾಗ ಎಲ್ಲಿದ್ದೀರಿ ಅಂತ ನೋಡಿ.

ಪೆಟ್ಟಿನ ನಡುವೆ ಹೊಡೆಯುವ ‘ಹಾತ್’ಗಳು (ಢೋಲ್ ಬಾರಿಸುವ ವರಸೆಗಳು) ನಿಮಗೆ ಇನ್ನೂ ಬಂದಿರಲಿಕ್ಕಿಲ್ಲ. ಬಂದಾಗ ಕಷ್ಟ ಪಡುತ್ತೀರಿ, ಅದಕ್ಕೆ ಈಗಲೇ ಒಂದು ಆಟ ಹೇಳುತ್ತೇನೆ. ಎರಡೂ ತೋರುಬೆರಳನ್ನು ಮುಂದೆ ಚಾಚಿ. ಕಾರಿನ ವೈಪರಿನ ಹಾಗೆ ಎರಡನ್ನೂ ಒಂದೇ ಕಡೆಗೆ, ಎಡಕ್ಕೆ ಬಲಕ್ಕೆ ಆಡಿಸಿ. ನಿಧಾನವಾಗಿ ವೇಗ ಹೆಚ್ಚಿಸುತ್ತಾ ಹೋಗಿ. ಒಂದು ಹಂತದಲ್ಲಿ ಬೆರಳುಗಳು ನಿಮ್ಮ ಮಾತು ಕೇಳುವುದಿಲ್ಲ. ಎರಡೂ ಒಟ್ಟಿಗೆ ಒಳಕ್ಕೆ, ಒಟ್ಟಿಗೆ ಹೊರಕ್ಕೆ ಆಡತೊಡಗುತ್ತವೆ. ಸ್ಕಾಟ್ ಕೆಲ್ಸೊ ಅನ್ನುವವರು 1980ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಹರ್ಮನ್ ಹಾಕೆನ್ ಅನ್ನುವ ಭೌತವಿಜ್ಞಾನಿ ಅವರ ಜೊತೆ ಸೇರಿ 1985ರಲ್ಲಿ ಗಣಿತ ಕೊಟ್ಟರು. ತಾಳಕ್ಕೂ ಹೀಗೇ ಆಗುತ್ತದೆ. ಪೆಟ್ಟಿನ ನಡುವೆ ಹೊಡೆಯುತ್ತಿದ್ದ ಕೈ ವೇಗ ಏರಿದಾಗ ಜಾರಿ ಪೆಟ್ಟಿನ ಮೇಲೆಯೇ ಬಂದು ಕೂರುತ್ತದೆ. ನಮ್ಮ ಅಜ್ಜಿಯರು ಒಂದೇ ಒರಳಿಗೆ ಇಬ್ಬರು ನಿಂತು ಒಂದಾದ ಮೇಲೊಂದು ಒನಕೆ ಹಾಕುತ್ತಿದ್ದರಲ್ಲ, ಅವರು ಹಾಡಿಲ್ಲದೆ ಕುಟ್ಟುತ್ತಿದ್ದದ್ದು ಅಪರೂಪ. ಹಾಡು ವೇಗವನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಒನಕೆಗೆ ಒನಕೆ ಡಿಕ್ಕಿ ಆಗುತ್ತಿರಲಿಲ್ಲ.

‘ನನಗೆ ಲಯ ಇದೆಯೋ’ ಅಂತ ಕೇಳಿದ್ದೀರಿ. ಹುಟ್ಟಿ ಎರಡು ಮೂರು ದಿನದ ಮಕ್ಕಳು ಮಲಗಿದ್ದಾಗ ಡ್ರಮ್ಮಿನ ತಾಳ ಕೇಳಿಸಿ, ನಡುವೆ ಮುಖ್ಯ ಪೆಟ್ಟನ್ನು ಬಿಟ್ಟರೆ ಅವರ ಮಿದುಳು ಅದನ್ನು ಗುರುತಿಸುತ್ತದೆ. 2009ರಲ್ಲಿ ಹಂಗೇರಿಯ ತಂಡವೊಂದು ಇದನ್ನು ತೋರಿಸಿತು. ಕೈಕಾಲು ಆಡಿಸದೆ ಸುಮ್ನೆ ತಾಳ ಕೇಳುತ್ತಾ ಮಲಗಿದ್ದರೂ ಮಿದುಳಿನಲ್ಲಿ ಚಲನೆಯ ಜಾಗಗಳು ಎಚ್ಚರವಾಗುತ್ತವೆ ಅಂತ 2007ರಲ್ಲಿ ಜೆಸ್ಸಿಕಾ ಗ್ರಾನ್ ಮತ್ತು ಮ್ಯಾಥ್ಯೂ ಬ್ರೆಟ್ ಬರೆದರು. ಹಾಡಿನಲ್ಲಿ ತಾಳವೇ ಸಿಗದವರು ಇದ್ದಾರೆ, ಆದರೆ ಅದು ಬಹಳ ವಿರಳ. ಹಾಡು ಕೇಳಿದಾಗ ಕಾಲು ತಾನಾಗಿ ಕುಟ್ಟುವ ನೀವು ಆ ಸಾಲಿನವರಲ್ಲ.

ನನ್ನ ರೋಗಿಗಳಲ್ಲಿ ಪಾರ್ಕಿನ್ಸನ್ ಆದವರು ಜಾಸ್ತಿ. ಒಳಗಿನ ಗಡಿಯಾರಕ್ಕೆ ಬೇಕಾದ ಮಿದುಳಿನ ಆಳದ ಭಾಗಗಳೇ ಅವರಲ್ಲಿ ಸೊರಗಿರುತ್ತವೆ. ವಿಜಯಪುರದ ಕಡೆಯ ಒಬ್ಬ ಹಿರಿಯರು ಬಾಗಿಲ ಹೊಸ್ತಿಲಿನ ಹತ್ತಿರ ಬಂದು ಕಲ್ಲಿನ ಹಾಗೆ ನಿಂತುಬಿಡುತ್ತಿದ್ದರು. ಅವರ ಹೆಂಡತಿ ಪಕ್ಕದಲ್ಲಿ ನಿಂತು ‘ಒಂದು, ಎರಡು’ ಅಂತ ತಾಳ ಹಾಕಿದರೆ ಕಾಲು ಎತ್ತುತ್ತಿದ್ದರು. ತಾಳ ಕೇಳಿಸಿ ನಡೆಸಿದರೆ ಇವರ ಹೆಜ್ಜೆ ಉದ್ದವಾಗುತ್ತದೆ, ವೇಗ ಹೆಚ್ಚುತ್ತದೆ ಅಂತ ಮೈಕೆಲ್ ಥಾಟ್ ಮತ್ತು ಸಂಗಡಿಗರು 1996ರಲ್ಲೇ ತೋರಿಸಿದ್ದಾರೆ. ಒಳಗಿನ ಗಡಿಯಾರ ಸೋತವರನ್ನೂ ಹೊರಗಿನ ತಾಳ ನಡೆಸುತ್ತದೆ. ನಿಮ್ಮ ಗಡಿಯಾರ ಚೆನ್ನಾಗಿದೆ.

ನೀವು ಕೇಳದ ಒಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಕಿವಿಗೆ ಇಯರ್‌ಪ್ಲಗ್ ಹಾಕಿ. ಪಥಕದ ನಡುವೆ ಸದ್ದು 100 ಡೆಸಿಬೆಲ್ ದಾಟುವುದು ಸಾಮಾನ್ಯ. ಅಮೆರಿಕದ ಕೆಲಸಗಾರರ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಆದರೆ ದಿನಕ್ಕೆ ಎಂಟು ಗಂಟೆ ಇರಬಹುದು, 100 ಆದರೆ ಹದಿನೈದೇ ನಿಮಿಷ. ನೀವು ದಿನಾ ಎಷ್ಟು ಹೊತ್ತು ಇರುತ್ತೀರಿ ಯೋಚಿಸಿ. ಪ್ಲಗ್ ಹಾಕಿದರೆ ತಾಳ ತಪ್ಪುತ್ತದೆ ಅನ್ನುವ ಹೆದರಿಕೆ ಬೇಡ. ಢೋಲು ಸೊಂಟಕ್ಕೆ ಕಟ್ಟಿರುತ್ತದೆ, ನಿಮ್ಮ ಪೆಟ್ಟಿನ ನಡುಕ ಮೈಗೆ ನೇರವಾಗಿ ಮುಟ್ಟುತ್ತದೆ. ಅಕ್ಕಪಕ್ಕದ ಗದ್ದಲ ಇಳಿದಾಗ ತಾಷಾ ಇನ್ನೂ ಬಿಡಿಬಿಡಿಯಾಗಿ ಕೇಳಿಸೀತು.

ಈ ವಾರ ಎರಡು ದಿನ ಮುಂದಿನ ಸಾಲಿನಲ್ಲಿ, ತಾಷಾ ಪಕ್ಕ ನಿಲ್ಲಿಸಿ ಅಂತ ದಾದಾಗೆ ಕೇಳಿಕೊಳ್ಳಿ. ಹೊಸಬರು ಅಂತ ಬೇಡ ಅಂದರೂ ಇನ್ನೊಮ್ಮೆ ಕೇಳಿ. ಒಂದು ಫೋನು ದಾದಾ ಹತ್ತಿರ, ಒಂದು ನಿಮ್ಮ ಹತ್ತಿರ ಇಟ್ಟು ಎರಡೂ ಜಾಗದಿಂದ ರೆಕಾರ್ಡ್ ಮಾಡಿ. ಎಷ್ಟು ಮೀಟರ್ ದೂರ ಅಂತ ಹೆಜ್ಜೆಯಲ್ಲಿ ಅಳೆದು ಬರೆದು ಕಳಿಸಿ. ನಾನು ಲೆಕ್ಕ ಹಾಕಿ ಹೇಳುತ್ತೇನೆ.